ಕೆಮ್ಮಣ್ಣು ಕಟ್ಟಿದ ಅವರೆ

ಇವತ್ತು ಬೆಳಿಗ್ಗೆ ಐದೂವರೆಗೆ ಎದ್ದೆ. ನಲ್ಲಿ ನೀರು ಬರುವ ದಿನ. ಎರಡು ಡ್ರಮ್ಮು, ಆರು ಬಿಂದಿಗೆ ತುಂಬಿಸಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ನಿಮ್ಮ ಚಿಕ್ಕಪ್ಪನಿಗೆ ಉಪ್ಪಿಟ್ಟು ಮಾಡಿ ಹಿರೇಹಳ್ಳಿ ಫ್ಯಾಕ್ಟರಿಗೆ ಕಳಿಸಿದೆ. ರಾತ್ರಿಗೆ ಅವರೊಬ್ಬರಿಗೇ ಅಂತ ಹುಳಿ ಮಾಡಿ ಮುಚ್ಚಿಟ್ಟೆ. ನೆನೆಹಾಕಿದ್ದ ಬಟ್ಟೆ ಒಗೆದು ಹರವಿದೆ. ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಒಂದು ಡಜನ್ ಬಾಳೆಹಣ್ಣು ಕೊಂಡೆ. ಗುಬ್ಬಿಯಲ್ಲಿ ಬಸ್ಸು ಬದಲಾಯಿಸಿದೆ. ಹನ್ನೊಂದಕ್ಕೆಲ್ಲ ಹಾಗಲವಾಡಿಯಲ್ಲಿ ನಿಮ್ಮಮ್ಮನ ಮನೆ ಜಗಲಿಯ ಮೇಲೆ ಕೂತು ಒಂದು ಚೊಂಬು ನೀರು ಕುಡಿದೆ. ಅವಳ ಜೊತೆ ಒಂದು ಮೊರ ಅವರೆಕಾಯಿ ಸುಲಿದೆ. ಸುಲಿಯುತ್ತಲೇ, ಇಷ್ಟು ವರ್ಷ ನುಂಗಿಕೊಂಡಿದ್ದ ಮಾತನ್ನು ಹೇಳಿದೆ.

ಅದೇ ಮಾತನ್ನು ಈಗ ನಿನಗೆ ಬರೆಯುತ್ತಿದ್ದೇನೆ, ಮಂಜುಳಾ. ನೀನು ಬೀಜ ಕೆಡಿಸಲಿಲ್ಲ. ನಿನ್ನ ಹೊಲಕ್ಕೆ ಆ ಬೀಜ ಬರಲೇ ಇಲ್ಲ. ನಿಮ್ಮಮ್ಮ ನಿನಗೆಂದು ಕೊಟ್ಟಿದ್ದ ಸೊಗಡವರೆಯನ್ನು ಬೇಯಿಸಿಕೊಂಡು ತಿಂದವಳು ನಾನು. ಅದರ ಜಾಗದಲ್ಲಿ ಅಂಗಡಿ ಅವರೆ ಕಟ್ಟಿ ಕಳಿಸಿದವಳೂ ನಾನೇ.

ಬರೆದುಬಿಟ್ಟೆ. ಪೆನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡೆ. ಇನ್ನು ನಿಧಾನವಾಗಿ, ಒಂದೊಂದೇ ಹೇಳುತ್ತೇನೆ — ಓದುತ್ತಾ ಓದುತ್ತಾ ನಿನಗೆ ನಗು ಬಂದರೆ ನಕ್ಕುಬಿಡು, ನಿಮ್ಮಮ್ಮನೂ ನಕ್ಕಳು. ಸಿಟ್ಟು ಬಂದರೆ ಅದನ್ನೂ ಇಟ್ಟುಕೋ. ನಾಳೆ ಇದನ್ನು ನಿನ್ನ ಕೈಗೆ ಕೊಟ್ಟು ನಾನೇ ಎದುರಿಗೆ ನಿಲ್ಲುತ್ತೇನೆ.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಸೊಗಡವರೆ ಬೀಜ ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ಅಕ್ಕನಿಗೆ, ಅಂದರೆ ನಿಮ್ಮಮ್ಮನಿಗೆ, ಬಂದದ್ದು. ಗಂಡನ ಮನೆಯಲ್ಲಿ ಹೊಲ ಇರುವ ಹೆಣ್ಣುಮಗಳಿಗೆ ಮಾತ್ರ ಅದು ಸಿಗುತ್ತದೆ. ಪಡೆದವಳು ಮೊದಲ ಬೆಳೆಯ ಕಾಯನ್ನು ಕೊಟ್ಟವಳ ಮುಂದೆ ಇಡಬೇಕು, ಅವಳು ಕಾಯಿ ಉಜ್ಜಿ ಮೂಸಿ ಒಪ್ಪಬೇಕು. ಆ ಎಣ್ಣೆಯಂಥ ವಾಸನೆ ಅಂಗೈಗೆ ಹತ್ತಿ ಸೋಪು ಹಾಕಿ ತೊಳೆದರೂ ಹೋಗಬಾರದು, ಹಾಗಿದ್ದರೆ ಬೀಜ ಸರಿಯಾಗಿದೆ ಅಂತ. ಕೆಡಿಸಿದ ಕೈಗೆ ಎರಡನೇ ಸಲ ಕೊಡುವುದಿಲ್ಲ. ನಾನು ಬಾಡಿಗೆ ಮನೆಗೆ ಮದುವೆಯಾಗಿ ಬಂದವಳು. ತುಮಕೂರಿನ ವಠಾರದಲ್ಲಿ ನಾಲ್ಕು ಮನೆಗೆ ಒಂದು ನಲ್ಲಿ, ಒಂದು ತುಳಸಿಕಟ್ಟೆ. ನನಗೆ ಬೀಜ ಕೊಡಲಿಲ್ಲ. ಅದಕ್ಕೆ ನನಗೆ ಹೊಟ್ಟೆಕಿಚ್ಚೇನೂ ಇರಲಿಲ್ಲ — ಅಥವಾ ಇತ್ತೋ ಏನೋ. ಈ ಕಾಗದದಲ್ಲಿ ಸುಳ್ಳು ಬೇಡ. ಸ್ವಲ್ಪ ಇತ್ತು.

ಕೊರೋನದ ಎರಡನೇ ಅಲೆಯ ವರ್ಷ, ಯುಗಾದಿ ಕಳೆದ ಮೇಲೆ ಅಕ್ಕ ಮಂಡಿನೋವು ತೋರಿಸಲು ತುಮಕೂರಿಗೆ ಬಂದಳು. ಮಾರನೇ ದಿನ ಕುಣಿಗಲ್ ಬಸ್ಸು ಹತ್ತಿ ನಿಮ್ಮೂರಿಗೆ ಬಂದು ಬೀಜ ಕೊಡುವುದು ಅಂತ ಲೆಕ್ಕ. ಆ ಸಂಜೆಯೇ ಎಲ್ಲ ಬಂದ್ ಆಗುತ್ತದಂತೆ ಅನ್ನುವ ಸುದ್ದಿ. ಅಕ್ಕ ಗಾಬರಿಯಾದಳು. ಎಲೆಯಡಿಕೆಯನ್ನೂ ಪೂರ್ತಿ ಅಗಿಯದೆ ಎದ್ದು ನಿಂತಳು. ಎರಡು ಸೇರಿನ ಬೀಜದ ಗಂಟನ್ನು ನನ್ನ ಮಂಚದ ಕೆಳಗೆ ತಳ್ಳಿ, "ಮಂಜಿ ಬಂದಾಗ ಕೊಡು. ಜ್ವಾಕೆ ಕಣೇ, ಇಲಿ ಗಿಲಿ ಮುಟ್ಟಾವು" ಅಂದು ಗುಬ್ಬಿ ಬಸ್ಸು ಹತ್ತಿದಳು.

ಇಲಿ ಮುಟ್ಟಲಿಲ್ಲ.

ಹದಿನೈದು ದಿನಕ್ಕೆ ನಮ್ಮಿಬ್ಬರಿಗೂ ಜ್ವರ ಬಂತು. ದೇವರ ದಯೆ, ಮನೆಯಲ್ಲೇ ವಾಸಿಯಾಯಿತು. ನಿಮ್ಮ ಚಿಕ್ಕಪ್ಪನಿಗೆ ಜ್ವರ ಬಿಟ್ಟ ಮಾರನೇ ದಿನದಿಂದಲೇ ಹಸಿವು. ನನಗೆ ಮಾತ್ರ ವಾಸನೆ ಪೂರ್ತಿ ಹೋಗಿತ್ತು. ಮೂವತ್ತು ವರ್ಷ ಮೂಗಿನಿಂದಲೇ ಅಡಿಗೆ ಮಾಡಿದವಳು ನಾನು — ಉಪ್ಪು ಬಿದ್ದಿದೆಯಾ ಇಲ್ಲವಾ ಅಂತ ಹಬೆಯಲ್ಲೇ ಹೇಳುತ್ತಿದ್ದವಳು — ಹಾಲು ಸೀದು ತಳ ಕಪ್ಪಾದರೂ ಪಕ್ಕದಲ್ಲೇ ನಿಂತು ಹಾಡು ಗುನುಗುತ್ತಿದ್ದೆ. ಇಂಗು ಬಿತ್ತೋ ಇಲ್ಲವೋ ಗೊತ್ತಾಗದೆ ಮೂರು ಸಲ ಹಾಕಿದೆ. ನಿಮ್ಮ ಚಿಕ್ಕಪ್ಪ ಒಂದು ತುತ್ತು ಬಾಯಿಗಿಟ್ಟು, "ಇದು ಸಾರಾ, ಕಷಾಯಾನಾ? ಯಾವ್ದು ಅಂತ ಹೇಳ್ಬುಡು, ಹಂಗೆ ತಿಂತೀನಿ" ಅಂದರು.

ಆಗ ಯಾರೂ ಹೊರಗೆ ಹೋಗದ ಹಾಗೆ ವಠಾರದ ಬಾಗಿಲಿಗೆ ಪಟ್ಟಿ ಕಟ್ಟಿದ್ದರು. ಊರಿಗೆಲ್ಲ ಬೆಳಿಗ್ಗೆ ಹತ್ತರವರೆಗೆ ಅಂಗಡಿ, ನಮಗೆ ಅದೂ ಇಲ್ಲ. ಯಾರೋ ಪುಣ್ಯಾತ್ಮರು ಬಾಗಿಲ ಹತ್ತಿರ ಅಕ್ಕಿ, ಬೇಳೆ ಇಟ್ಟು ಹೋಗುತ್ತಿದ್ದರು. ಫೋನಿನಲ್ಲಿ ನೀನು ಹೇಳುತ್ತಿದ್ದೆ, ನೆನಪಿದೆಯಾ — "ಚಿಕ್ಕಮ್ಮ, ಟೊಮೊಟೊ ಕೇಳೋರೇ ಇಲ್ಲ, ದನಕ್ಕೂ ಸಾಕಾಗಿ ಹೋಗದೆ" ಅಂತ. ಅದೇ ದಿನ ನಾನು ಇಲ್ಲಿ ಟೊಮೊಟೊ ಇಲ್ಲದೆ ಹುಣಸೆಹಣ್ಣು ಕಿವುಚುತ್ತಾ ಕೂತಿದ್ದೆ. ನಿಮ್ಮೂರಿಗೂ ನಮಗೂ ಬಸ್ಸಿನಲ್ಲಿ ಒಂದು ಗಂಟೆ ಅಷ್ಟೇ. ಆ ಒಂದು ಗಂಟೆಯ ದಾರಿ ಮುಚ್ಚಿದ್ದಕ್ಕೆ ಆ ತುದಿಯಲ್ಲಿ ಕೊಳೆಯಿತು, ಈ ತುದಿಯಲ್ಲಿ ಬುಟ್ಟಿ ಬರಿದಾಯಿತು. ನಿನ್ನ ಬೀಜವೂ ಅದೇ ದಾರಿಯ ಮಧ್ಯೆ ಸಿಕ್ಕಿಕೊಂಡಿತ್ತು. ರೋಗ ಬರೀ ಜನರನ್ನು ಮನೆಯಲ್ಲಿ ಕೂರಿಸಿತು ಅಂದುಕೊಂಡಿದ್ದೆ. ಮುಂದಿನ ವರ್ಷದ ಬೆಳೆಯನ್ನೂ ಅದು ನನ್ನ ಮಂಚದ ಕೆಳಗೆ ಕೂರಿಸಿಬಿಟ್ಟಿತ್ತು.

ಆದರೆ ತಿಂದದ್ದು ರೋಗವಲ್ಲ, ನಾನು. ಹಸಿದೂ ತಿನ್ನಲಿಲ್ಲ. ಮನೆಯಲ್ಲಿ ತೊಗರಿಬೇಳೆ ಇತ್ತು, ಹುರುಳಿಕಾಳಿತ್ತು, ರಾಗಿ ಹಿಟ್ಟು ಡಬ್ಬದ ತುಂಬ ಇತ್ತು. ಇದನ್ನು ನೀನು ಮರೆಯಬೇಡ.

ದಿನಾ ಬೆಳಿಗ್ಗೆ ಎದ್ದು ಒಂದೊಂದೇ ಮೂಸುವುದು ನನ್ನ ಕೆಲಸವಾಗಿತ್ತು. ಕಾಫಿಪುಡಿ — ಇಲ್ಲ. ಬೆಳ್ಳುಳ್ಳಿ — ಇಲ್ಲ. ಕರ್ಪೂರ — ಏನೂ ಇಲ್ಲ. ಒಂದು ದಿನ ಅನ್ನಿಸಿತು, ನನ್ನ ಮೂಗಿಗೆ ಹುಟ್ಟಿದಾಗಿನಿಂದ ಗುರುತಿರುವ ವಾಸನೆ ಒಂದೇ, ಅವ್ವನ ಅವರೆ. ಮೇ ತಿಂಗಳಲ್ಲಿ ಹಸಿಕಾಯಿ ಎಲ್ಲಿಂದ ಬರಬೇಕು? ಬಗ್ಗಿ ಮಂಚದ ಕೆಳಗೆ ನೋಡಿದೆ. ಹುಳ ಬೀಳದಿರಲಿ ಅಂತ ಕೆಮ್ಮಣ್ಣು ಕಟ್ಟಿ ಒಣಗಿಸಿದ್ದ ಕಾಳು. ಒಂದು ಹಿಡಿ ಹೋದರೆ ಏನಾಗುತ್ತದೆ — ಅಷ್ಟೇ ಅಂದುಕೊಂಡದ್ದು. ಮಣ್ಣು ತೊಳೆದು, ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಿತುಕಿ ಬೇಯಿಸಿದೆ. ಮುಚ್ಚಳ ತೆಗೆದು ಮುಖ ಒಡ್ಡಿದೆ. ಬರೀ ಬಿಸಿ ಹಬೆ, ವಾಸನೆ ಇಲ್ಲ. ಮಾರನೇ ದಿನ ಇನ್ನೊಂದು ಹಿಡಿ. ಅದರ ಮಾರನೇ ದಿನ ಇನ್ನೊಂದು.

ನಾಲ್ಕನೇ ದಿನ ಬಂತು.

ಹೇಗೆ ಹೇಳಲಿ ನಿನಗೆ! ದೂರದಲ್ಲಿ ಯಾರೋ ನನ್ನ ಹೆಸರು ಹಿಡಿದು ಕೂಗಿದ ಹಾಗೆ, ಅಷ್ಟೇ ಅಷ್ಟು. ಹೊಗೆ, ಎಣ್ಣೆ, ಅವ್ವನ ಸೆರಗು, ಚಳಿಗಾಲದ ಬೆಳಿಗ್ಗೆ — ಎಲ್ಲ ಒಂದೇ ಉಸಿರಿನಲ್ಲಿ. ನಾನು "ಬಂತು! ಬಂತು!" ಅಂತ ಕಿರುಚಿಕೊಂಡೆ. ನಿಮ್ಮ ಚಿಕ್ಕಪ್ಪ ಉಸಿರು ಕಟ್ಟಿತೇನೋ ಅಂತ ಓಡಿಬಂದು ನನ್ನ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ಪು ಸಿಕ್ಕಿಸಿದರು. ಅದನ್ನು ಸಿಕ್ಕಿಸಿಕೊಂಡೇ ನಾನು ಪಾತ್ರೆಯೊಳಕ್ಕೆ ಮುಖ ಹಾಕಿ ನಗುತ್ತಿದ್ದೆ. "ತೊಂಬತ್ತೆಂಟದೆ, ಮತ್ಯಾಕೆ ಹಿಂಗಾಡ್ತೀಯ?" ಅಂದರು ಪಾಪ. ಅವರೆ ಎಲ್ಲಿಂದ ಬಂತು ಅಂತ ಕೇಳಿದರು. ಅಕ್ಕ ತಿನ್ನೋಕೆ ಅಂತಲೇ ಕೊಟ್ಟದ್ದು ಅಂದೆ. ಅದು ಮೊದಲನೇ ಸುಳ್ಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಆ ವಾಸನೆ ಬರುತ್ತಿತ್ತು, ಹೋಗುತ್ತಿತ್ತು. ಇವತ್ತೂ ಇದೆಯಾ ಅಂತ ನೋಡಬೇಕು ಅನ್ನುವ ಆಸೆ. ದಿನಕ್ಕೊಂದು ಹಿಡಿ, ಹದಿನಾರು ದಿನ. ಹದಿನೇಳನೇ ದಿನ ಗಂಟು ಎತ್ತಿ ನೋಡಿದರೆ ಅರ್ಧಕ್ಕಿಂತ ಕಡಿಮೆ.

ಮಂಜುಳಾ, ಇಲ್ಲಿ ನಾನು ಮಾಡಿದ್ದನ್ನೂ ಬಿಡದೆ ಬರೆಯುತ್ತೇನೆ. ಉಳಿದಿದ್ದೂ ಬೀಜವೇ. ಒಂದು ಸಾಲಿಗೆ ಸಾಕಾಗುತ್ತಿತ್ತು; ಒಂದು ಸಾಲು ಬೆಳೆದರೆ ಮುಂದಿನ ವರ್ಷಕ್ಕೆ ಹೊಲಕ್ಕೆಲ್ಲ ಆಗುತ್ತಿತ್ತು. ಆದರೆ ಅರ್ಧ ಗಂಟು ಕೊಟ್ಟರೆ ಇನ್ನರ್ಧ ಎಲ್ಲಿ ಅಂತ ನೀನು ಕೇಳುತ್ತೀಯ. ಪೂರ್ತಿ ಖಾಲಿಯಾದರೆ ಬೇರೆ ತುಂಬಿಸಿ ಕೊಡಬಹುದು, ಯಾರೂ ಕೇಳುವುದಿಲ್ಲ. ಹೀಗೆ ಯೋಚನೆ ಮಾಡಿದೆ — ತರಕಾರಿ ಹೆಚ್ಚುತ್ತಾ, ಸಮಾಧಾನವಾಗಿ.

ಅವತ್ತೇ ವಠಾರದ ಪಟ್ಟಿ ಬಿಚ್ಚಿದ್ದರು. ಉಳಿದ ಕಾಳನ್ನೆಲ್ಲ ನೆನೆಹಾಕಿ ಮಾರನೇ ದಿನ ದೊಡ್ಡ ಪಾತ್ರೆಯಲ್ಲಿ ಹಿತಕಿದ ಬೇಳೆ ಸಾರು ಮಾಡಿದೆ. ನಾಲ್ಕು ಮನೆಯವರೂ ತಂತಮ್ಮ ಬಾಗಿಲಲ್ಲಿ ತಟ್ಟೆ ಹಿಡಿದು ಕೂತರು. ನಾನು ಮಾಸ್ಕ್ ಕಟ್ಟಿಕೊಂಡು ಸೌಟಿನಲ್ಲಿ ದೂರದಿಂದಲೇ ಬಡಿಸಿದೆ. ಎದುರು ಮನೆ ಟೈಲರ್ ರತ್ನಮ್ಮ, "ಅಕ್ಕಾ, ಮೇ ತಿಂಗಳಲ್ಲಿ ಸಂಕ್ರಾಂತಿ ತಂದ್ಬುಟ್ಟೆ ಕಣಕ್ಕ! ನಮ್ಮನೇರು ಎರಡು ಮುದ್ದೆ ನುಂಗಿ ಮೂರನೇದಕ್ಕೆ ಕೈ ಹಾಕವ್ರೆ" ಅಂದಳು. ಒಂದು ತಿಂಗಳು ಒಬ್ಬರ ಮುಖ ಒಬ್ಬರು ನೋಡದೆ ಇದ್ದವರು, ಆ ಮಧ್ಯಾಹ್ನ ಬಾಗಿಲಿಂದ ಬಾಗಿಲಿಗೆ ಕೂಗಾಡಿ, ಹೊಟ್ಟೆ ಹಿಡಿದು ನಕ್ಕು, ಪಾತ್ರೆ ತಳ ಕೆರೆದು ತಿಂದರು. ನನ್ನ ಜೀವಮಾನದಲ್ಲಿ ನಾನು ಬಡಿಸಿದ ಅತಿ ಸಂತೋಷದ ಊಟ ಅದು. ಇಷ್ಟು ವರ್ಷ ನನ್ನನ್ನು ಕಾಡಿದ್ದೂ ಅದೇ. ಆ ಸಂತೋಷ ಸುಳ್ಳಲ್ಲ. ಆದರೆ ಅದು ನಿನ್ನದು, ನಿನ್ನನ್ನು ಕೇಳದೆ ಬಡಿಸಿದ್ದು.

ಆಮೇಲಿನದು ಬೇಗ ಆಯಿತು. ಬೆಳಿಗ್ಗೆ ಏಳಕ್ಕೆ ಅಂಗಡಿಯಿಂದ ಎರಡು ಸೇರು ಒಣಅವರೆ ತಂದೆ. ಕಾಳು ದಪ್ಪ, ಬೆಳ್ಳಗೆ. ನಮ್ಮದು ಸಣ್ಣ, ಸ್ವಲ್ಪ ಕಂದು. ಆದರೆ ಕೆಮ್ಮಣ್ಣು ಕಟ್ಟಿದರೆ ಎಲ್ಲ ಕಾಳಿಗೂ ಒಂದೇ ಬಣ್ಣ. ಮನೆ ಮುಂದೆ ಪೈಪಿಗೆ ಅಂತ ಅಗೆದು ಬಿಟ್ಟಿದ್ದ ಗುಂಡಿಯಿಂದ ಮಣ್ಣು ತಂದು, ಜರಡಿ ಹಿಡಿದು, ಕಲಸಿ, ಒಣಗಿಸಿದೆ. ಅದೇ ಬಟ್ಟೆಗೆ ತುಂಬಿದೆ. ಅಕ್ಕ ಹಾಕುವ ಗಂಟು ಬೇರೆ ಯಾರಿಗೂ ಬರುವುದಿಲ್ಲ — ಎರಡು ಸುತ್ತು, ಒಂದು ಒಳಮಡಿಕೆ. ನನಗೆ ಬರುತ್ತಿತ್ತು. ಅವ್ವ ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ ಕಲಿಸಿದ್ದಳು. ನಿಮ್ಮ ಯಜಮಾನರು ಜೂನ್ ತಿಂಗಳಲ್ಲಿ ಬಂದು ಗಂಟು ತೆಗೆದುಕೊಂಡು, ಎರಡು ತೆಂಗಿನಕಾಯಿ ಕೊಟ್ಟು, "ಜೋಪಾನವಾಗಿ ಇಟ್ಟಿದ್ರಲ್ಲ ಚಿಕ್ಕಮ್ಮ, ಬೇರೆಯವ್ರಾಗಿದ್ರೆ ಎಲ್ಲಾದ್ರೂ ಎಸೆದಿರೋರು" ಅಂದರು.

ನೀನು ರಾಗಿ ಹೊಲದ ನಡುನಡುವೆ ಬಿಡುವ ಅಕ್ಕಡಿ ಸಾಲಿನಲ್ಲಿ ಅದನ್ನು ಬಿತ್ತಿದೆ. ಸಂಕ್ರಾಂತಿಗೆ ಮುಂಚೆ ನಾವೆಲ್ಲ ನಿಮ್ಮ ಮನೆಗೆ ಬಂದೆವು. ನಿಮ್ಮ ಅತ್ತೆ, ನಿಮ್ಮ ಯಜಮಾನರು, ಇಬ್ಬರು ನಾದಿನಿಯರು, ಎಲ್ಲ ಇದ್ದರು. ನೀನು ಹೊಸ ಸೀರೆ ಉಟ್ಟು, ತಟ್ಟೆಯಲ್ಲಿ ಕಾಯಿ ಇಟ್ಟು, ಅರಿಶಿನ ಕುಂಕುಮದ ಜೊತೆ ತಂದು ಅಕ್ಕನ ಮುಂದಿಟ್ಟೆ. ಅಕ್ಕ ಮಾಸ್ಕನ್ನು ಗದ್ದಕ್ಕೆ ಇಳಿಸಿ, ಒಂದು ಕಾಯಿ ಅಂಗೈಯಲ್ಲಿ ಉಜ್ಜಿ ಮೂಸಿದಳು. ಇನ್ನೊಂದು ಉಜ್ಜಿದಳು. ನಿನ್ನ ನಾದಿನಿ ಯಾರೋ, "ಕೊರೋನದಲ್ಲಿ ನಿಮ್ ಮೂಗೂ ಹೋಗದೇನೋ ಅತ್ತೆ" ಅಂತ ನಗಿಸಲು ನೋಡಿದಳು. ಯಾರೂ ನಗಲಿಲ್ಲ.

"ಕೆಡಿಸ್ಬುಟ್ಟೆ ಕಣೇ," ಅಂದಳು ಅಕ್ಕ. "ನಮ್ಮವ್ವನ ಬೀಜ ಕೆಡಿಸ್ಬುಟ್ಟೆ."

"ಚಿಕ್ಕಮ್ಮನ ಮನೇಲಿ ಇದ್ದಂಗೇ ತಂದು ಬಿತ್ತಿದ್ವಮ್ಮ," ಅಂದೆ ನೀನು. ಹಾಗೆಂದು ನನ್ನ ಕಡೆ ನೋಡಿದೆ.

ಆ ನೋಟಕ್ಕೆ ನಾನು ಉತ್ತರ ಕೊಡಬೇಕಿತ್ತು. ಅಕ್ಕನ ಮೂಗು ಸರಿಯಾಗಿದೆ ಅಂತ ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನಾನು ಏನಂದೆ ನೆನಪಿದೆಯಾ? ಸಮಾಧಾನ ಮಾಡುವವಳ ಹಾಗೆ, ಮೆತ್ತಗೆ — "ಹೋಗ್ಲಿ ಬಿಡಕ್ಕ, ಇಲ್ಲಿನ ಮಣ್ಣಿನ ಗುಣ ಇರಬೇಕು" ಅಂದೆ. ಬೀಜವನ್ನು ತಿಂದೆ, ಸುಳ್ಳು ಬೀಜ ಕೊಟ್ಟೆ, ಸಾಲದು ಅಂತ ನಿನ್ನ ಮಣ್ಣಿನ ಮೇಲೂ ತಪ್ಪು ಹೊರಿಸಿದೆ. ನಿನ್ನ ಅತ್ತೆ ಆ ಮಾತು ಕೇಳಿ ಮುಖ ಗಂಟಿಕ್ಕಿಕೊಂಡು ಒಳಗೆ ಹೋದರು. ನೀನು ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದೆ. ನಾನು ಹೋಳಿಗೆ ತಿಂದೆ.

ಅಲ್ಲಿಂದ ನಿನ್ನ ಅಕ್ಕಡಿ ಸಾಲಿನಲ್ಲಿ ಬರೀ ತೊಗರಿ. ಪ್ರತಿ ವರ್ಷ ನಿಮ್ಮಮ್ಮ ನಂಟರ ಹೆಣ್ಣುಮಕ್ಕಳಿಗೆ ಬೀಜ ಹಂಚುವಾಗ ನಿನ್ನ ಹೆಸರು ಬಿಟ್ಟು ಮುಂದಕ್ಕೆ ಹೋಗುತ್ತಾಳೆ, ನೀನು ಅದನ್ನು ಕೇಳದವಳ ಹಾಗೆ ಲೋಟ ತೊಳೆಯುತ್ತೀಯ. ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಒಂದು ಸಲವಲ್ಲ.

ಹೋದ ವಾರ ನೀನು ಫೋನು ಮಾಡಿ, "ಚಿಕ್ಕಮ್ಮ, ಅಮ್ಮ ನಿನ್ ಮಾತು ಕೇಳ್ತಾಳೆ. ಈ ಸಲ ಒಂದೇ ಒಂದು ಹಿಡಿ ಬೀಜ ಕೊಡ್ಲಿ ಅಂತ ನೀನೇ ಹೇಳು" ಅಂದೆ. ನಾನು "ಹೂಂ, ಹೇಳ್ತೀನಿ ಬಿಡು" ಅಂದೆ. ಫೋನಿಟ್ಟ ಮೇಲೆ ಒಲೆಯ ಮೇಲಿದ್ದ ಅನ್ನ ತಳ ಹತ್ತಿತು. ಈ ಸಲ ನನ್ನ ಮೂಗು ಸರಿಯಾಗೇ ಇತ್ತು, ಆದರೂ ಎದ್ದು ಹೋಗಲಾಗಲಿಲ್ಲ.

ಹಾಗಾಗಿ ಇವತ್ತು ಬಂದೆ. ಭಾವ ತೋಟಕ್ಕೆ ಹೋಗಿದ್ದರು. ಸುಲಿಯುತ್ತಾ ಸುಲಿಯುತ್ತಾ ಹೇಳಿದೆ, ತಲೆ ಎತ್ತದೆ. ಅಕ್ಕನ ಕೈ ನಿಂತಿತು. ಆಮೇಲೆ —

"ಬಿತ್ತೋ ಬೀಜನ ಬೇಯ್ಸ್ಕೊಂಡು ತಿಂದೇನೇ?"

"ಹೂಂ ಅಕ್ಕ."

"ಎರಡು ಸೇರೂವಾ?"

"ಹೂಂ."

"ಗುಂಡಿ ಮಣ್ಣು ಹಾಕಿ, ನನ್ ಗಂಟೇ ಹಾಕಿ ಕಳಿಸ್ದೆ?"

"ಹೂಂ."

ಅಕ್ಕ ಮೊರ ಪಕ್ಕಕ್ಕಿಟ್ಟಳು. "ಮೋರಿ ಮಣ್ಣಲ್ಲ ತಾನೇ?" ಅಂದಳು. ಅಷ್ಟು ಹೇಳಿ ಅವಳಿಗೇ ತಡೆಯಲಾಗಲಿಲ್ಲ. ಮಂಡಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನನಗೂ ನಗು ಬಂತು, ಅಳುವೂ ಬಂತು. ಪಕ್ಕದ ಮನೆಯವರು ಇಣುಕಿ ನೋಡಿದರು. "ನನ್ ಮೂಗು ಹೋಗಿಲ್ಲ ಅಂತ ನಂಗೆ ಗೊತ್ತಿತ್ತು ಕಣೇ! ನಿಮ್ ಭಾವ ಕೂಡ ನಂಬ್ಲಿಲ್ಲ. ನಾಲ್ಕು ವರ್ಷ ಇಂಗು ಮೂಸ್ಕೊಂಡು ಪರೀಕ್ಷೆ ಮಾಡ್ಕೊಂಡಿದೀನಿ!"

ಆಮೇಲೆ ನಗು ನಿಂತಿತು. ಒಮ್ಮೆಲೇ ನಿಂತಿತು.

"ನಗ್ತಾವ್ಳೆ ಅಂತ ಬುಟ್ಬುಟ್ಲು ಅನ್ಕೋಬ್ಯಾಡ," ಅಂದಳು. "ನಂಗೆ ಹೇಳಿದ್ರೆ ಏನು ಬಂತು? ಆ ಮಗೀನ ನಾನು ಅಷ್ಟು ಜನದ ಮುಂದೆ ಅಂದಿದೀನಿ. ಅಷ್ಟು ಜನದ ಮುಂದೇನೆ ಹೇಳು. ನೀನು ಹೇಳಿದ್ಮೇಲೆ ನಾನು ಹೇಳ್ಬೇಕಾದ್ದೂ ಅದೆ. ನಾಳೆ ನಾನೂ ಬತ್ತೀನಿ."

ಮಧ್ಯಾಹ್ನವೆಲ್ಲ ನಾವಿಬ್ಬರೂ ಬಿಸಿಲಲ್ಲಿ ಕೂತು, ಬಲಿತು ಒಣಗಿದ ಕಾಯಿ ಬಡಿದು, ಬೀಜ ಆರಿಸಿದೆವು. ಅಕ್ಕ ಉದ್ದಕ್ಕೂ ಬೈದಳು — ಒಂದು ಹಿಡಿ ಆರಿಸಿದರೆ ಒಂದು ಬೈಗುಳ. ಕೆಲವು ನಾವು ಲಂಗ ಉಡುತ್ತಿದ್ದ ಕಾಲದವು, ಮರೆತೇ ಹೋಗಿದ್ದವು, ಕೇಳಿ ಖುಷಿಯಾಯಿತು. ಈ ಸಲ ಬೀಜವನ್ನು ನನ್ನ ಕೈಗೆ ಕೊಡಲಿಲ್ಲ. ತಾನೇ ಚೀಲದಲ್ಲಿ ಹಾಕಿ ತನ್ನ ತಲೆದಿಂಬಿನ ಪಕ್ಕ ಇಟ್ಟುಕೊಂಡಿದ್ದಾಳೆ. ಸರಿಯಾಗೇ ಮಾಡಿದಳು.

ಕಾಗದ ಯಾಕೆ ಅಂದರೆ, ನನ್ನ ನಾಲಿಗೆಯ ಮೇಲೆ ನನಗೆ ನಂಬಿಕೆಯಿಲ್ಲ. ನಿಮ್ಮ ಅತ್ತೆಯವರ ಮುಂದೆ ನಿಂತರೆ ಜ್ವರ ಅನ್ನುತ್ತೇನೆ, ಬಂದ್ ಅನ್ನುತ್ತೇನೆ, ವಾಸನೆ ಹೋಗಿತ್ತು ಅನ್ನುತ್ತೇನೆ. ಎಲ್ಲ ನಿಜವೇ, ಆದರೆ ಅದೇ ಜ್ವರ ಬಂದ, ಅದೇ ಬಂದ್‌ನಲ್ಲಿ ಕೂತ ಬೇರೆ ಯಾರೂ ಇನ್ನೊಬ್ಬರ ಬಿತ್ತನೆ ಬೀಜ ತಿನ್ನಲಿಲ್ಲ. ಆದ್ದರಿಂದ ಇದನ್ನು ಇಲ್ಲಿ ಹೇಗಿದೆಯೋ ಹಾಗೆ, ಒಂದು ಅಕ್ಷರ ಬಿಡದೆ, ನಿಮ್ಮ ನಡುಮನೆಯಲ್ಲಿ ನಿಂತು ಓದುತ್ತೇನೆ. ಮೊದಲು ನೀನು ಓದಿಕೋ, ಆಮೇಲೆ ಅವತ್ತು ಇದ್ದವರನ್ನೆಲ್ಲ ಕರೆಸು. ನಾದಿನಿಯರನ್ನೂ ಕರೆಸು. ಕ್ಷಮಿಸು ಅಂತ ನಾನು ಕೇಳುವುದಿಲ್ಲ. ಎಲ್ಲರೆದುರು ಕೇಳಿದರೆ ನೀನು ಇಲ್ಲ ಅನ್ನಲಾರೆ, ನಿನ್ನ ಸ್ವಭಾವ ನನಗೆ ಗೊತ್ತು. ಬೀಜ ಬಿತ್ತುವುದು ಬಿಡುವುದು ನಿನ್ನ ಇಷ್ಟ. ನಿನ್ನ ಮಣ್ಣಿನಲ್ಲಿ ಯಾವ ದೋಷವೂ ಇರಲಿಲ್ಲ, ಇಷ್ಟು ಮಾತ್ರ ನಿಮ್ಮ ಅತ್ತೆಯವರ ಕಿವಿಗೆ ಬೀಳಬೇಕು. ಅಲ್ಲಿಯವರೆಗೆ ನಿಮ್ಮ ಮನೆಯಲ್ಲಿ ನಾನು ಎಲೆ ಮುಂದೆ ಕೂರುವುದಿಲ್ಲ.

ಏಳು ಗಂಟೆಗೆ ಊಟ ಮಾಡಿದೆವು. ರಾಗಿಮುದ್ದೆ, ಸೊಪ್ಪಿನ ಉಪ್ಸಾರು, ಸುಟ್ಟ ಒಣಮೆಣಸಿನಕಾಯಿ, ಕೊನೆಗೆ ಒಂದೊಂದು ಲೋಟ ಮಜ್ಜಿಗೆ. ಭಾವ ಎರಡು ಮುದ್ದೆ ಉಂಡು, ಯಾಕೆ ಇಬ್ಬರ ಕಣ್ಣೂ ಕೆಂಪಗಿದೆ ಅಂತ ಕೇಳಿ, ಉತ್ತರ ಕಾಯದೆ ಜಗಲಿಗೆ ಹೋಗಿ ಕೂತರು. ಮೊದಲು ಮಲಗಿದವಳು ಅಕ್ಕ. "ಏಳೂವರೆ ಬಸ್ಸು, ಎಬ್ಬಿಸು" ಅಂದವಳು ಮಾತು ಮುಗಿಯುವ ಮೊದಲೇ ಗೊರಕೆ ಹೊಡೆದಳು. ಭಾವ ಇನ್ನೂ ಜಗಲಿಯಲ್ಲಿ ಬೀಡಿ ಸೇದುತ್ತಿದ್ದಾರೆ. ನಾನು ಪಾತ್ರೆ ತೊಳೆದು ಬೋರಲು ಹಾಕಿ, ಇದನ್ನು ಬರೆದು ಮುಗಿಸಿದೆ.